ಮೇಸ್ತ್ರಿಯ ಥರ್ಮಾಮೀಟರು

ಲಾಯದ ಮೇಸ್ತ್ರಿಗೆ ತನ್ನ ಶಿಸ್ತಿನ ಮೇಲಿದ್ದಷ್ಟು ಹೆಮ್ಮೆ ಹೆತ್ತ ಮಕ್ಕಳ ಮೇಲೂ ಇರಲಿಲ್ಲ. ದಿನಾ ಬೆಳಿಗ್ಗೆ ಒಂದನೇ ಕೋಣೆಯಿಂದ ಆರನೆಯದರವರೆಗೆ ಸಾಲಾಗಿ ಹೋಗಿ, ಆರೂ ಕುದುರೆ ಮರಿಗಳ ಬಾಲ ಎತ್ತಿ ಜ್ವರ ನೋಡಿ, ಗೋಡೆಯ ಹಲಗೆಯಲ್ಲಿ ಬರೆಯುತ್ತಿದ್ದ. ಥರ್ಮಾಮೀಟರು ಅವನದೇ. ಅದನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ.

ಆರನೇ ಕೋಣೆಯ ಕಂದು ಮರಿ ಅವನ ಪ್ರಾಣ. ಹಿಂಗಾಲು ಮುಂದಾಗಿ ಹುಟ್ಟಿದ್ದನ್ನು ತಾನೇ ಎಳೆದು, ತಾಯಿ ಒದ್ದು ದೂರ ಮಾಡಿದಾಗ ಬಾಟಲಿ ಹಿಡಿದು ಬದುಕಿಸಿದ್ದ.

ಒಂದನೇ ಕೋಣೆಯ ಮರಿ ರಕ್ತಭೇದಿಯಾಗಿ ಎರಡೇ ದಿನದಲ್ಲಿ ಸತ್ತಿತು. ಇದು ಅಂಟುವ ರೋಗ ಎಂದ ಡಾಕ್ಟರಮ್ಮ, ಪ್ರತಿ ಬಾಗಿಲಲ್ಲೂ ಔಷಧದ ನೀರಿನ ತಟ್ಟೆ ಇಡಿಸಿ, ಬೂಟು ಅದ್ದಿಯೇ ಒಳಗೆ ಹೋಗಬೇಕೆಂದರು. ಲದ್ದಿ ಬಾಚುತ್ತಿದ್ದ ಮೇಸ್ತ್ರಿಯ ತಂಗಿಯ ಗಂಡ ಶುದ್ಧ ಸೋಮಾರಿ, ಒಮ್ಮೆ ತಟ್ಟೆ ದಾಟಿಯೇ ಹೋದ. ಮೇಸ್ತ್ರಿ ಕಂಡ. ಎರಡನೆಯದೂ ಮಲಗಿದಾಗ ಧಣಿಗೆ ಹೇಳಿ ಅವನನ್ನು ಕೆಲಸದಿಂದ ಬಿಡಿಸಿದ.

"ಭಾವ, ನಾನು ಸೋಮಾರಿ, ಒಪ್ಕೊತೀನಿ," ಎಂದ ಅವನು ಬೂಟು ಬಿಚ್ಚುತ್ತಾ. "ಆದ್ರೆ ಎರಡನೇ ಕೋಣೆಗೆ ನಾನು ಈ ವಾರ ಕಾಲೇ ಇಟ್ಟಿಲ್ಲ."

ಕಳ್ಳನಿಗೊಂದು ಪಿಳ್ಳೆ ನೆವ ಎಂದುಕೊಂಡ ಮೇಸ್ತ್ರಿ.

ಅವನು ಹೋದ ಮೇಲೂ ಮೂರನೆಯದು ಮಲಗಿತು, ನಾಲ್ಕನೆಯದು, ಐದನೆಯದು. ಡಾಕ್ಟರಮ್ಮ ಹಲಗೆಯ ಮುಂದೆ ಬಹಳ ಹೊತ್ತು ನಿಂತರು.

"ಸಾಲಾಗಿ ಬಂದಿದೆಯಲ್ಲ. ಈ ಸಾಲಲ್ಲೇ ದಿನಾ ಯಾರು ಹೋಗ್ತಾರೆ?"

"ನಾನೇ."

ಅವರು ಕೈ ಚಾಚಿದರು. ಮೇಸ್ತ್ರಿ ಜೇಬಿನಿಂದ ಥರ್ಮಾಮೀಟರು ತೆಗೆದು, ಅಭ್ಯಾಸಬಲದಿಂದ ಪ್ಯಾಂಟಿಗೆ ಒರೆಸಿ ಕೊಟ್ಟ.

"ಆರಕ್ಕೂ ಇದೊಂದೇನಾ? ಹೀಗೇ ಒರೆಸೋದಾ?" ಅವರ ದನಿ ಏರಲಿಲ್ಲ. "ಕರುಳಿನ ಬ್ಯಾಕ್ಟೀರಿಯಾ ಇದು. ಬಟ್ಟೆಗೆ ಒರೆಸಿದ್ರೆ ಹೋಗಲ್ಲ. ಆರನೇದನ್ನ ಇವತ್ತು ನೋಡಿದ್ರಾ?"

"ನೋಡ್ದೆ," ಎಂದ ಮೇಸ್ತ್ರಿ. "ಭಯ ಆಗಿ ಎರಡು ಸಲ ನೋಡ್ದೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಧಣಿಗೆ ತಿಳಿಸುವುದು ನಿಮಗೇ ಬಿಟ್ಟದ್ದು ಎಂದು ಹೇಳಿ ಡಾಕ್ಟರಮ್ಮ ಹೊರಟರು. ಮೇಸ್ತ್ರಿ ತಿಳಿಸಲಿಲ್ಲ. ಮೂರು ದಿನ ಕಂದು ಮರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಾಲ್ಕನೇ ದಿನ ಅದು ಸತ್ತಿತು.

ಸುದ್ದಿ ಕೇಳಿ ತಂಗಿ ಓಡಿ ಬಂದಳು. ಖಾಲಿ ಕೋಣೆ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ನಮ್ಮೋರ ಸೋಮಾರಿತನದಿಂದ ನಿನ್ನ ಮರಿ ಹೋಯ್ತಲ್ಲ ಅಣ್ಣ. ಅವರು ಊಟಾನೇ ಬಿಟ್ಟಿದಾರೆ. ಕ್ಷಮಿಸಿಬಿಡು."

ಮೇಸ್ತ್ರಿ ನೆಲ ನೋಡಿದ.

"ಹೋಗ್ಲಿ ಬಿಡು," ಎಂದ. "ಊಟ ಮಾಡೋಕೆ ಹೇಳು."