ಟ್ರಕ್ಕಿನಡಿಯ ತಿಂಪ್ಸಿಲಾ

ಕಳೆದ ಬೇಸಿಗೆಯಲ್ಲಿ ಅಮೆರಿಕದ ಲಕೋಟಾ ಬುಡಕಟ್ಟಿನ ಲವೀನಾ ಅಜ್ಜಿ ತನ್ನ ಅಗೆಯುವ ಸಲಾಕೆಯನ್ನು ನಾದಿನಿ ಅರ್ವೆಲಾಗೆ ಕೊಟ್ಟುಬಿಟ್ಟಳು. ಮಂಡಿಗಳು ಕೈಕೊಟ್ಟಿದ್ದವು, ಗುಡ್ಡ ಹತ್ತಿ ತಿಂಪ್ಸಿಲಾ ಗೆಡ್ಡೆ ಅಗೆಯುವ ಕಾಲ ಮುಗಿಯಿತೆಂದು ತಾನೇ ತೀರ್ಮಾನಿಸಿದ್ದಳು. ಅಂದಿನಿಂದ ಕಿಟಕಿಯಲ್ಲಿ ಕೂತು ಗುಡ್ಡ ನೋಡುವುದೇ ಅವಳ ಕೆಲಸ. ಮೊಮ್ಮಗಳು ರೋಶೆಲ್‌ಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಅಜ್ಜಿ ಗುಡ್ಡಕ್ಕೆ ಹೋಗಲಾರಳು, ಸರಿ; ಗೆಡ್ಡೆಯೇ ಅಂಗಳಕ್ಕೆ ಬಂದರೆ? ರೋಶೆಲ್ ಗುಡ್ಡದಿಂದ ತಿಂಪ್ಸಿಲಾ ಬೀಜ ಆಯ್ದು ತಂದು, ಅಂಗಡಿಯ ಮೆತ್ತನೆ ಮಣ್ಣಿನ ಕುಂಡಗಳಲ್ಲಿ ಊರಿ, ಒಲೆಯ ಪಕ್ಕ ಬೆಚ್ಚಗಿಟ್ಟು ನೀರು ಹನಿಸಿದಳು. ಬೀಜಗಳು ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಏನೇ, ಬೀಜಕ್ಕೆ ಬಾಣಂತನ ಮಾಡ್ತಿದೀಯಾ?” ಎಂದಳು ಅಜ್ಜಿ. “ಅದರ ಸಿಪ್ಪೆ ಕಲ್ಲು ಕಣೇ. ಅದಕ್ಕೆ ಉಪಚಾರ ಆಗಲ್ಲ, ಒದೆ ಬೇಕು.”

ರೋಶೆಲ್‌ಗೆ ರೇಗಿತು. ಉಳಿದ ಬೀಜವನ್ನೆಲ್ಲ ಅಂಗಳಕ್ಕೆ ಎರಚಿ ಒಳಗೆ ಹೋದಳು. ಚಳಿಗಾಲವಿಡೀ ಅಂಗಳಕ್ಕೆ ಬಂದು ಹೋಗುವ ಅವಳ ಟ್ರಕ್ಕು ಅವನ್ನು ಜಲ್ಲಿಯೊಳಗೆ ಅರೆಯಿತು. ಮೇಲೆ ಹಿಮ ಬಿತ್ತು.

ವಸಂತದಲ್ಲಿ ಟ್ರಕ್ಕಿನ ಕೆಳಗೆ ನವಿರು ರೋಮ ತುಂಬಿದ ತಿಂಪ್ಸಿಲಾದ ಪುಟ್ಟ ಎಲೆಗಳು ಎದ್ದು ನಿಂತಿದ್ದವು! ಅಜ್ಜಿ ಮಂಡಿ ಮರೆತು ಓಡಿ ಬಂದಳು. ಮರುಕ್ಷಣವೇ ಮುಖ ಬಾಡಿತು. “ಸಲಾಕೆ ಕೊಟ್ಟು ಕೂತಿದೀನಲ್ಲೇ!”

“ವಾಪಸ್ ಕೇಳಿದ್ರಾಯ್ತು.”

“ಕೊಟ್ಟಿದ್ದನ್ನ ಕೇಳೋದಾ? ಲಕೋಟಾ ಮನೇಲಿ ಹುಟ್ಟಿ ಎಂಥಾ ಮಾತಾಡ್ತೀಯೇ!”

ಅಜ್ಜಿ ಕೇಳಲಿಲ್ಲ, ಆದರೆ ಅರ್ವೆಲಾಳನ್ನು ಊಟಕ್ಕೆ ಕರೆದಳು. ಸಾರು ಬಡಿಸಿ, ಸಸಿ ತೋರಿಸಿ, ಮಂಡಿನೋವು ಎಷ್ಟೋ ವಾಸಿ ಎಂದು ಎರಡು ಸಲ ಹೇಳಿದಳು. ಅರ್ವೆಲಾ ಕಾಫಿ ಹೀರಿ, ಹೂಂ ಎಂದು ಎದ್ದು ಹೋದಳು. ಅಜ್ಜಿ ಮತ್ತೆ ಹೋಗಿ ಕಿಟಕಿಯಲ್ಲಿ ಕೂತಳು.

ಮರುದಿನ ಬೆಳಿಗ್ಗೆ ಅರ್ವೆಲಾ ಹೊಸ ಕೌದಿಯಲ್ಲಿ ಉದ್ದನೆಯದೇನನ್ನೋ ಸುತ್ತಿಕೊಂಡು ಬಂದಳು. “ನನ್ನದೊಂದು ಸಲಾಕೆ ಇತ್ತು ಅತ್ತಿಗೆ. ಯಾರಿಗಾದ್ರೂ ದಾನ ಕೊಡೋಣ ಅನ್ನಿಸ್ತು. ನಿನಗೇ ಕೊಡ್ತಿದೀನಿ, ಬೇಡ ಅನ್ನಬೇಡ.”

ಅಜ್ಜಿ ಅದನ್ನು ಮೊದಲ ಸಲ ನೋಡುವವಳಂತೆ ತಿರುಗಿಸಿ ನೋಡಿದಳು. ಕಣ್ಣು ತುಂಬಿ ಬಂತು.

“ಗೆಡ್ಡೆ ಕಟ್ಟೋಕೆ ಇನ್ನೂ ಮೂರ್ನಾಲ್ಕು ವರ್ಷ ಬೇಕು,” ಎಂದಳು ಅರ್ವೆಲಾ. “ಅಲ್ಲೀವರೆಗೂ ನೀನು ಸಾಯೋ ಹಾಗಿಲ್ಲ.”

“ಸಾಯೋಕೆ ಪುರುಸೊತ್ತೆಲ್ಲಿದೆ?” ಅಜ್ಜಿ ಸಲಾಕೆಯನ್ನು ನೆಲಕ್ಕೆ ಕುಟ್ಟಿದಳು. “ಏಯ್ ರೋಶೆಲ್, ಮೊದಲು ಆ ಟ್ರಕ್ ತೆಗಿಯೇ! ಇನ್ನು ಮೇಲೆ ರಸ್ತೇಲಿ ನಿಲ್ಲಿಸಿ ನಡ್ಕೊಂಡು ಬಾ.”