ಹೊಟ್ಟೆಯ ಮಡಿಕೆ

ಮಿರೊನ್ ಒಂದು ಕಾಲಕ್ಕೆ ನೂರ ಹನ್ನೆರಡು ಪೌಂಡಿಗೆ, ಅಂದರೆ ಐವತ್ತೊಂದು ಕಿಲೋ ತೂಕಕ್ಕೆ ಇಳಿದಿದ್ದ. ಆರಡಿಗೆ ಒಂದಿಂಚು ಕಡಿಮೆ ಇದ್ದ ಆಳು. ದೊಡ್ಡ ಕರುಳಿನ ಹುಣ್ಣು ಹನ್ನೊಂದು ವರ್ಷ ಅವನನ್ನು ಕಾಡಿತ್ತು. ತಿಂದದ್ದು ಮೈಗೆ ಹತ್ತುವ ಮೊದಲೇ ರಕ್ತದ ಜೊತೆ ಹೊರಗೆ ಹೋಗುತ್ತಿತ್ತು. ಹೆಂಡತಿ ಆರನೆಯ ವರ್ಷ ವಿನ್ನಿಪೆಗ್ ನಗರಕ್ಕೆ ಹೋದವಳು ವಾಪಸು ಬರಲಿಲ್ಲ. ಅದಕ್ಕೆ ಕಾಯಿಲೆಯೊಂದೇ ಕಾರಣವಲ್ಲ ಎಂದು ಮಿರೊನ್ ತಾನೇ ಹೇಳುತ್ತಿದ್ದ. ಕೊನೆಗೆ ವೈದ್ಯರು ದೊಡ್ಡ ಕರುಳನ್ನು ಪೂರ್ತಿ ತೆಗೆದು, ಸಣ್ಣ ಕರುಳಿನ ತುದಿಯನ್ನು ಹೊಕ್ಕುಳಿನ ಬಲಕ್ಕೆ ಹೊರಗೆ ತಂದು ಹೊಲಿದರು. ಆ ಕೆಂಪು ಬಾಯಿಗೆ ಸ್ಟೋಮಾ ಎನ್ನುತ್ತಾರೆ. ಅದರ ಸುತ್ತ ಚೀಲ ಅಂಟಿಸಿಕೊಳ್ಳಬೇಕು, ತುಂಬಿದಾಗ ಖಾಲಿ ಮಾಡಬೇಕು, ನಾಲ್ಕು ದಿನಕ್ಕೊಮ್ಮೆ ಹೊಸದು ಹಾಕಿಕೊಳ್ಳಬೇಕು.

ಮಿರೊನ್‌ಗೆ ಅದೇನೂ ದೊಡ್ಡ ಕಷ್ಟ ಅನ್ನಿಸಲಿಲ್ಲ. ಎಷ್ಟೋ ವರ್ಷದ ಮೇಲೆ ಅವನಿಗೆ ಹಸಿವಾಗುತ್ತಿತ್ತು.

ಅವನ ಅಕ್ಕ ಸ್ಲಾವ್ಕಾ ಎದುರು ಮನೆಯಲ್ಲೇ ಇದ್ದಳು. ತಾಯಿ ಸತ್ತಾಗ ಮಿರೊನ್‌ಗೆ ಒಂಬತ್ತು, ಅವಳಿಗೆ ಇಪ್ಪತ್ತೊಂದು. ಅಂದಿನಿಂದ ಅವನನ್ನು ಸಾಕಿದವಳು ಅವಳೇ. ಈಗ ಗಂಡ ಇಲ್ಲ, ಮಕ್ಕಳಾಗಲಿಲ್ಲ. ಉಕ್ರೇನಿಯನ್ ಚರ್ಚಿನ ನೆಲಮಾಳಿಗೆಯ ಅಡುಗೆಮನೆ ಅವಳ ರಾಜ್ಯ. ಆಪರೇಷನ್ ಆದ ಹೊಸದರಲ್ಲಿ ನಾರಿಲ್ಲದ ಮೆತ್ತನೆಯ ಊಟ ಕೊಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಸ್ಲಾವ್ಕಾ ಆಲೂಗಡ್ಡೆ ತುಂಬಿದ ಪೆರೋಗಿ ಎಂಬ ಹಿಟ್ಟಿನ ಕಡುಬುಗಳನ್ನು ಬೇಯಿಸಿ, ಬೆಣ್ಣೆಯಲ್ಲಿ ಅದ್ದಿ, ಹುಳಿ ಕೆನೆ ಸುರಿದು ತಂದಳು. ಆ ಪಥ್ಯ ಎರಡು ತಿಂಗಳಿಗೆ ಮಾತ್ರ ಎಂಬುದನ್ನು ಇಬ್ಬರೂ ಮರೆತರು. ಎರಡು ವರ್ಷ ಅವಳು ಬಡಿಸಿದಳು, ಅವನು ತಿಂದ. ಇನ್ನೂರ ಎಂಟು ಪೌಂಡಾದ.

ಅವನು ಕೆಲಸ ಮಾಡುತ್ತಿದ್ದದ್ದು ಊರಾಚೆಯ, ಎಲಿವೇಟರ್ ಎಂದು ಕರೆಯುವ ಧಾನ್ಯದ ಗೋದಾಮಿನಲ್ಲಿ, ಗೋಧಿ ಲಾರಿಗಳನ್ನು ತೂಗಿ ಇಳಿಸಿಕೊಳ್ಳುವ ಜಾಗದಲ್ಲಿ.

"ಲೋ ಮಿರೊನ್, ವೇಬ್ರಿಡ್ಜ್ ಹತ್ರ ಸುಳೀಬೇಡ್ವೋ," ಎಂದು ಜೊತೆಗಾರ ಡ್ವೇನ್ ಕೂಗುತ್ತಿದ್ದ. "ನಿನ್ ತೂಕಾನೂ ಗೋಧಿ ಲೆಕ್ಕಕ್ಕೆ ಸೇರ್‍ಕೊಂಡ್ಬಿಡತ್ತೆ."

ಮಿರೊನ್ ನಗುತ್ತಿದ್ದ. ದಪ್ಪಗಿದ್ದೀಯ ಎಂದು ಹಂಗಿಸಿಕೊಳ್ಳುವುದೂ ಒಂದು ಸುಖವೇ ಎಂದು ಅವನಿಗೆ ಆಗ ಅನ್ನಿಸುತ್ತಿತ್ತು.

ಸೋರುವುದು ಶುರುವಾದದ್ದು ಮಾರ್ಚಿನಲ್ಲಿ. ಮೊದಲು ವಾರಕ್ಕೊಮ್ಮೆ, ಆಮೇಲೆ ಎರಡು ದಿನಕ್ಕೊಮ್ಮೆ ಚೀಲದ ಅಂಟು ಬಿಟ್ಟು ಅಂಗಿ ಒದ್ದೆಯಾಗುತ್ತಿತ್ತು. ಸುತ್ತಲ ಚರ್ಮ ಸುಟ್ಟಂತೆ ಕೆಂಪಾಯಿತು. ಅವನು ಪಿಕಪ್ಪಿನಲ್ಲಿ ಎರಡು ಜೊತೆ ಬಟ್ಟೆ ಇಟ್ಟುಕೊಂಡು ಓಡಾಡಿದ, ಯಾರಿಗೂ ಹೇಳಲಿಲ್ಲ. ಮೇ ತಿಂಗಳಲ್ಲಿ ಡಾಫಿನ್ ಊರಿನ ಕ್ಲಿನಿಕ್ಕಿಗೆ ಹೋದ. ಅಲ್ಲಿ ಸ್ಟೋಮಾ ನೋಡಿಕೊಳ್ಳುವ ನರ್ಸ್ ಕೊರೀನ್ ಅವನನ್ನು ಮಲಗಿಸಿ ನೋಡಿದಳು, ನಿಲ್ಲಿಸಿ ನೋಡಿದಳು, ಆಮೇಲೆ ಕುರ್ಚಿಯಲ್ಲಿ ಕೂರಿಸಿದಳು.

"ಇಲ್ ನೋಡಿ," ಎಂದು ಕನ್ನಡಿ ಹಿಡಿದಳು. "ಕೂತ್ರೆ ಹೊಟ್ಟೆ ಮಡಿಕೆ ಬೀಳತ್ತೆ. ಸ್ಟೋಮಾ ಆ ಮಡಿಕೆ ಒಳಗೆ ಹೂತ್ಹೋಗತ್ತೆ. ಅಂಟು ನಿಲ್ಲೋಕೆ ಸಮತಟ್ಟು ಜಾಗಾನೇ ಇಲ್ಲ."

"ಅದಕ್ಕೇನ್ ಮಾಡ್ಬೇಕು?"

"ಸದ್ಯಕ್ಕೆ ಉಬ್ಬು ತಳದ ಚೀಲ ಕೊಡ್ತೀನಿ, ಜೊತೆಗೆ ಒಂದು ಬೆಲ್ಟು. ಆದ್ರೆ ನೀವು ಇಪ್ಪತ್ತೈದು ಪೌಂಡ್ ಇಳೀಬೇಕು. ನಿಧಾನಕ್ಕೆ, ಒಂದ್ ವರ್ಷ ತಗೊಳ್ಳಿ. ಊಟ ಬಿಡ್ಬೇಡಿ, ನೀರು ಉಪ್ಪು ಕಮ್ಮಿ ಮಾಡ್ಬೇಡಿ. ಕೇಳಿಸ್ತಾ?"

ಮಿರೊನ್‌ಗೆ ಇಪ್ಪತ್ತೈದು ಎಂಬುದು ಮಾತ್ರ ಸರಿಯಾಗಿ ಕೇಳಿಸಿತ್ತು. ತೂಕ ಇಳಿಸುವ ವಿದ್ಯೆ ತನಗೆ ಬಾರದ್ದೇ ಎಂದು ಅವನು ಮನಸ್ಸಿನಲ್ಲೇ ಅಂದುಕೊಂಡ.

ಅಕ್ಕನಿಗೆ ಹೇಳುವುದು ಹೇಗೆಂದು ತಿಳಿಯಲಿಲ್ಲ. ಆ ನೂರ ಹನ್ನೆರಡು ಪೌಂಡನ್ನು ಕಣ್ಣಾರೆ ಕಂಡವಳು ಅವಳು. ಅವನನ್ನು ಎತ್ತಿ ಸ್ನಾನದ ತೊಟ್ಟಿಗೆ ಇಳಿಸಿದವಳು. ಅವಳು ತಂದದ್ದನ್ನು ತೆಗೆದುಕೊಂಡು, ಬಾಗಿಲು ಹಾಕಿದ ಮೇಲೆ ಕಸದ ಡಬ್ಬಿಗೆ ಸುರಿದ. ಬೆಳಿಗ್ಗೆ ಕಾಫಿ, ಮಧ್ಯಾಹ್ನ ಏನೂ ಇಲ್ಲ, ಸಂಜೆ ಒಂದು ಮೊಟ್ಟೆ. ನೀರು ಕುಡಿದರೆ ಚೀಲ ಬೇಗ ತುಂಬುತ್ತದೆಂದು ಅದನ್ನೂ ಕಡಿಮೆ ಮಾಡಿದ. ಬರಿಯ ಹೊಟ್ಟೆಯಲ್ಲಿ ಕರುಳು ಗಾಳಿ ತುಂಬಿಕೊಂಡು ಕೂಗುತ್ತಿತ್ತು, ಚೀಲ ಬಲೂನಿನಂತೆ ಉಬ್ಬುತ್ತಿತ್ತು. ಆದರೂ ತಕ್ಕಡಿಯ ಮುಳ್ಳು ಇಳಿಯುತ್ತಿತ್ತು. ಆರು ವಾರದಲ್ಲಿ ಹತ್ತೊಂಬತ್ತು ಪೌಂಡು.

ಸ್ಲಾವ್ಕಾ ಅವನ ಸಡಿಲವಾದ ಪ್ಯಾಂಟನ್ನು ಗಮನಿಸಿದ್ದು ಒಂದು ಭಾನುವಾರ, ಚರ್ಚಿನ ಮೆಟ್ಟಿಲ ಮೇಲೆ.

"ಮತ್ತೆ ಬಂತೇನೋ?" ಎಂದಳು ಮೆಲ್ಲಗೆ.

"ಏನು?"

"ಕಾಯಿಲೆ ಕಣೋ. ನನ್ ಹತ್ರ ಮುಚ್ಚಿಡ್ಬೇಡ."

"ಇರದೇ ಇರೋ ಕರುಳಿಗೆ ಕಾಯಿಲೆ ಎಲ್ಲಿಂದ ಬರತ್ತಕ್ಕ? ಚೆನ್ನಾಗಿದೀನಿ, ಬಿಡು."

ಅವಳು ಬಿಡಲಿಲ್ಲ. ಮರುದಿನದಿಂದ ಎರಡರಷ್ಟು ತಂದಳು. ಅವನೂ ಎರಡರಷ್ಟು ಸುರಿದ.

ಆಗಸ್ಟಿನ ಕೊನೆಯಲ್ಲಿ ಕೊಯ್ಲು ಬಂತು. ಲಾರಿಗಳು ರಸ್ತೆಯವರೆಗೆ ಸಾಲುಗಟ್ಟಿದ್ದವು. ಬಿಸಿಲು, ಧೂಳು. ಮೂರನೆಯ ದಿನ ಮಧ್ಯಾಹ್ನ ಮಿರೊನ್‌ನ ಮೀನಖಂಡ ಹಿಡಿದುಕೊಂಡಿತು, ಕಣ್ಣು ಕತ್ತಲೆ ಬಂತು. ಕಂಬಿ ಹಿಡಿಯಲು ಕೈ ಚಾಚಿದ್ದು ಅವನಿಗೆ ನೆನಪಿದೆ. ಡ್ವೇನ್ ಅವನನ್ನು ಪಿಕಪ್ಪಿಗೆ ಎತ್ತಿ ಹಾಕಿಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದ.

ಎಚ್ಚರವಾದಾಗ ಕೈಗೆ ಡ್ರಿಪ್ ಹಾಕಿದ್ದರು. ಪಕ್ಕದಲ್ಲಿ ಸ್ಲಾವ್ಕಾ ಕೂತಿದ್ದಳು, ಇನ್ನೂ ಅಡುಗೆಯ ಏಪ್ರನ್ನಿನಲ್ಲೇ. ಮೈಯಲ್ಲಿ ನೀರು ಉಪ್ಪು ಎರಡೂ ಒಣಗಿಹೋಗಿವೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದರಲ್ಲಿತ್ತು ಎಂದು ವೈದ್ಯರು ಹೇಳಿ ಹೋಗಿದ್ದರು.

"ನಿನ್ ಕಸದ ಡಬ್ಬಿ ನೋಡ್ದೆ," ಎಂದಳು ಅವಳು. "ಬಟ್ಟೆ ತರೋಕೆ ಮನೆಗ್ ಹೋಗಿದ್ದೆ. ನಾಯಿಗಾದ್ರೂ ಹಾಕ್ಬಾರ್ದಿತ್ತಾ?"

ಮಿರೊನ್ ಡ್ರಿಪ್ಪಿನ ಹನಿಗಳನ್ನು ನೋಡತೊಡಗಿದ.

"ನನ್ ಅಡುಗೆ ಅಷ್ಟೊಂದು ಬೇಡ್ವಾಗಿದ್ರೆ ಬಾಯ್ಬಿಟ್ಟು ಹೇಳ್ಬಾರ್ದೇನೋ?"

ಅವನು ಹೊದಿಕೆ ಸರಿಸಿ ಎದ್ದು ಕೂತ. ಹೊಟ್ಟೆಯ ಮಡಿಕೆ ತೋರಿಸಿದ, ಸುಟ್ಟ ಚರ್ಮ ತೋರಿಸಿದ. ಮಾರ್ಚಿನಿಂದ ನಡೆದದ್ದನ್ನೆಲ್ಲ ಹೇಳಿದ. ಪಿಕಪ್ಪಿನ ಬಟ್ಟೆಗಳು, ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ಹಿಂದಿನವರು ಮೂಗು ಮುಚ್ಚಿಕೊಂಡದ್ದು, ನರ್ಸ್ ಹೇಳಿದ ಇಪ್ಪತ್ತೈದು. ಹೇಳುವಾಗ ಅವನ ದನಿ ಲಾರಿಗಳ ತೂಕ ಓದುವಂತೆ ಸಪಾಟಾಗಿತ್ತು.

ಸ್ಲಾವ್ಕಾ ಚರ್ಮವನ್ನು ಬಗ್ಗಿ ನೋಡಿದಳು. ಕನ್ನಡಕ ತೆಗೆದು ಏಪ್ರನ್ನಿನಿಂದ ಒರೆಸಿಕೊಂಡಳು.

"ಆ ಮುಲಾಮು ಹಚ್ತಾ ಇದೀಯಾ, ಅವ್ರು ಕೊಟ್ಟಿರೋದು?"

"ಮುಲಾಮು ಹಚ್ಚಿದ್ರೆ ಅಂಟು ಹಿಡಿಯಲ್ಲಕ್ಕ. ಪುಡಿ ಕೊಟ್ಟಿದಾರೆ."

"ಆ ನರ್ಸ್ ಹುಡುಗಿ ಕ್ಲಿನಿಕ್ಕಿಗೆ ಯಾವತ್ತು ಬರ್ತಾಳೆ? ನಾನೂ ಬರ್ತೀನಿ."

ಬಂದಳು. ಕ್ಲಿನಿಕ್ಕಿನಲ್ಲಿ ಸ್ಲಾವ್ಕಾ ಕೊರೀನ್‌ಳ ಎದುರು ಕುರ್ಚಿ ಎಳೆದುಕೊಂಡು ಕೂತಳು. "ನನ್ ತಮ್ಮ ದಪ್ಪ ಅಂತ ನೀವೇ ಅಂದಿದ್ದಾ?" ಎಂದು ಮೊದಲು ಕೇಳಿದಳು.

"ದಪ್ಪ ಅನ್ಲಿಲ್ಲಮ್ಮ, ಮಡಿಕೆ ಅಂದೆ," ಎಂದಳು ಕೊರೀನ್. "ಮತ್ತೆ ಈ ಬೇಸಿಗೇಲಿ ಇವ್ರು ಇಳಿದಿದ್ದರಲ್ಲಿ ಎಷ್ಟೋ ಪಾಲು ಬರೀ ನೀರು. ಡ್ರಿಪ್ ಹಾಕಿದ್ಮೇಲೆ ಏಳು ಪೌಂಡ್ ವಾಪಸ್ ಬಂದಿದೆ ನೋಡಿ. ಉಪವಾಸ ಇವ್ರಿಗಲ್ಲ. ಸ್ವಲ್ಪ ಸ್ವಲ್ಪ, ದಿನಕ್ಕೆ ಐದ್ ಸಲ ತಿನ್ಲಿ. ಮೀನು, ಕೋಳಿ, ಸಿಪ್ಪೆ ತೆಗೆದು ಬೇಯಿಸಿದ ತರಕಾರಿ. ಉಪ್ಪು ಸಕ್ಕರೆ ಬೆರೆಸಿದ ನೀರು. ಚೆನ್ನಾಗಿ ಅಗೀಬೇಕು. ಆಮೇಲೆ ನಡೀಬೇಕು."

"ಬೆಣ್ಣೆ?"

"ಒಂದ್ ಚಮಚ."

"ಒಂದ್ ಚಮಚ ಬೆಣ್ಣೇಲಿ ಏನ್ ಬೇಯತ್ತೆ?" ಎಂದು ಸ್ಲಾವ್ಕಾ ವಾದಕ್ಕಿಳಿದಳು. ಹದಿನೈದು ನಿಮಿಷದ ಭೇಟಿ ಐವತ್ತು ನಿಮಿಷವಾಯಿತು. ಹೊರಗೆ ಬಂದ ಮೇಲೂ ಅವಳಿಗೆ ಸಮಾಧಾನವಿರಲಿಲ್ಲ. ಎರಡು ವಾರ ಅವನ ಮನೆಯ ಕಡೆ ತಲೆಹಾಕಲಿಲ್ಲ. ಮಿರೊನ್ ಅಂಗಡಿಯಿಂದ ಮೀನು ತಂದು ಬೇಯಿಸಿಕೊಂಡ. ಚೆನ್ನಾಗಿರಲಿಲ್ಲ. ಮೂರನೆಯ ವಾರ ಸ್ಲಾವ್ಕಾ ಮುಚ್ಚಿದ ತಟ್ಟೆಯೊಂದಿಗೆ ಬಂದಳು. ಅದರಲ್ಲಿ ಬೇಯಿಸಿದ ಕೋಳಿ, ಕ್ಯಾರೆಟ್ಟು, ಮೂರೇ ಮೂರು ಪೆರೋಗಿ ಇದ್ದವು.

"ಎಣಿಸ್ಕೋ," ಎಂದಳು. "ಇಲ್ಲೇ ಕೂತ್ಕೋತೀನಿ. ಅಗಿಯೋದು ನೋಡ್ಬೇಕು."

ಆಮೇಲಿನ ಹತ್ತು ತಿಂಗಳಲ್ಲಿ ಹೇಳುವಂಥದ್ದೇನೂ ನಡೆಯಲಿಲ್ಲ. ಅವನು ರೈಲುಹಳಿಯ ಪಕ್ಕ ಸಂಜೆ ನಡೆದ. ಚಳಿಗಾಲದಲ್ಲಿ ಶಾಲೆಯ ಜಿಮ್ಮಿನಲ್ಲಿ ಸುತ್ತು ಹಾಕಿದ. ಕ್ರಿಸ್‌ಮಸ್ಸಿನಲ್ಲಿ ಮೂರು ಪೌಂಡು ಏರಿತು, ಅದನ್ನು ಇಳಿಸಲು ಫೆಬ್ರವರಿಯವರೆಗೆ ಬೇಕಾಯಿತು. ಒಮ್ಮೆ ಅಣಬೆ ಸರಿಯಾಗಿ ಅಗಿಯದೆ ನುಂಗಿ ಕರುಳು ಕಟ್ಟಿಕೊಂಡು ಒಂದು ದಿನ ಒದ್ದಾಡಿದ. ಸ್ಲಾವ್ಕಾ ಪ್ರತಿ ವಾರ ಅವನ ಮುಖ ನೋಡಿ, "ಸಾಕು, ಕೆನ್ನೆ ಇಳೀತಾ ಇದೆ," ಎನ್ನುತ್ತಿದ್ದಳು. ಕೆಲವು ಸಲ ಅವಳ ದನಿಯಲ್ಲಿ ಹಳೆಯ ಹೆದರಿಕೆ ಕೇಳಿಸುತ್ತಿತ್ತು. ಆಗ ಅವನು ತಕ್ಕಡಿಯ ಮೇಲೆ ಹತ್ತಿ ಅವಳಿಗೇ ಓದಲು ಹೇಳುತ್ತಿದ್ದ.

ನೂರ ಎಂಬತ್ತೇಳಕ್ಕೆ ಬಂದು ನಿಂತಿತು. ಎರಡು ತಿಂಗಳು ಅಲ್ಲಾಡಲಿಲ್ಲ. ಜುಲೈಯಲ್ಲಿ ಕೊರೀನ್ ಅವನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ ನೋಡಿದಳು. ಮಡಿಕೆ ಇತ್ತು, ಆದರೆ ಸ್ಟೋಮಾ ಅದರ ಮೇಲಕ್ಕೆ ಕಾಣುತ್ತಿತ್ತು. ಚರ್ಮ ತಿಳಿಯಾಗಿತ್ತು. ಚೀಲ ನಾಲ್ಕು ದಿನ ನಿಲ್ಲುತ್ತಿದೆ, ಕೆಲವು ಸಲ ಐದು ದಿನ ಎಂದು ಅವನು ಹೇಳಿದ.

"ಇನ್ನೂ ನಾಲ್ಕು ಪೌಂಡ್ ಬಾಕಿ ಇದೆ," ಎಂದ ಮಿರೊನ್.

"ಇಷ್ಟೇ ಸಾಕು," ಎಂದಳು ಕೊರೀನ್. "ಇದೇ ತೂಕ ಕಾಪಾಡ್ಕೊಳ್ಳಿ."

"ಅಬ್ಬಾ, ಒಂದ್ ಒಳ್ಳೆ ಮಾತಾಡಿದ್ರಪ್ಪ," ಎಂದಳು ಸ್ಲಾವ್ಕಾ ಬಾಗಿಲ ಬಳಿಯಿಂದ.

ಆ ವಾರ ಅವನು ಕ್ಲಿಯರ್ ಲೇಕಿಗೆ ಹೋಗಿ ಎದೆಮಟ್ಟ ನೀರಿಗಿಳಿದ. ಹದಿನಾಲ್ಕು ವರ್ಷದ ಮೇಲೆ ಮೊದಲ ಸಲ. ಅರ್ಧ ಗಂಟೆ ಈಜಿ, ದಡಕ್ಕೆ ಬಂದು ಚೀಲದ ಅಂಚನ್ನು ಬೆರಳಿಂದ ಮುಟ್ಟಿ ನೋಡಿದ. ಅಂಟು ಹಿಡಿದೇ ಇತ್ತು. ಟವೆಲ್ಲು ಸುತ್ತಿಕೊಂಡು ಬಿಸಿಲಿಗೆ ಕೂತ.