ಹಿಮದ ಟೈರು, ಒಂದು ಬೆರಳು ಜಾಗ

ಆ ಸದ್ದು ಮೊದಲು ಕೇಳಿಸಿದ್ದು ಕಸರಾನಿಯ ಕೆಸರು ದಾರಿ ಮುಗಿದು ಥೀಕಾ ರೋಡಿಗೆ ಹತ್ತುವ ಉಬ್ಬಿನಲ್ಲಿ. ಹಿಂದಿನ ಎಡಚಕ್ರದ ಕಡೆಯಿಂದ ಕರ್ರ್ ಎಂದು ಎದ್ದು ಅಡಗಿಹೋಯಿತು. ಮಣ್ಣಿಗೆ ಅಂಟಿದ ಕಡ್ಡಿಯೋ ಕಲ್ಲೋ ಇರಬೇಕು ಎಂದುಕೊಂಡ ಸೀನು. ಹಾಗೆ ಅಂದುಕೊಳ್ಳುವುದು ಆಗ ಅವನಿಗೆ ಬಹಳ ಬೇಕಾಗಿತ್ತು. ಹಿಂದಿನ ಸೀಟಿನಲ್ಲಿ ಹೆಂಡತಿ ಹಂಸಾ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ನೋವು ಬಂದಾಗ ಕಣ್ಣು ಮುಚ್ಚಿ, ಬಿಟ್ಟಾಗ ತೆರೆದು, ಮಾತಿಲ್ಲದೆ ಕೂತಿದ್ದಳು. ಪಕ್ಕದಲ್ಲಿ ಅವಳಮ್ಮ ಶಾಂತಾ, ಬಾಣಂತನಕ್ಕೆಂದು ಮೈಸೂರಿನಿಂದ ಕೆನ್ಯಾಕ್ಕೆ ಬಂದವರು. ನರ್ಸಿಂಗ್ ಹೋಮು ಹರ್ಲಿಂಗ್‌ಹ್ಯಾಮಿನಲ್ಲಿ, ಅಂದರೆ ಪೂರ್ತಿ ಊರು ದಾಟಿ ಆಚೆ. ಏಪ್ರಿಲ್ ಮಳೆ ಮಧ್ಯಾಹ್ನದಿಂದ ಬಿಟ್ಟಿರಲಿಲ್ಲ.

ಟೈರಿನ ಮೇಲೆ ಅನುಮಾನ ಪಡಲು ಸೀನುವಿಗೆ ಮನಸ್ಸೇ ಬರಲಿಲ್ಲ. ಯಾಕೆಂದರೆ ಆ ಟೈರುಗಳು ಅವನ ಹೆಮ್ಮೆ. ಔಷಧಿ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದ ಅವನು ಕೆಲಸ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಕಾರುಗಳ ಬಗ್ಗೆ ಓದುತ್ತಿದ್ದ, ಗೊತ್ತಿಲ್ಲದವರ ಜತೆ ವಾದ ಮಾಡುತ್ತಿದ್ದ. ಅವನ ಕಾರು ತೊಂಬತ್ತೊಂದರ ಜಪಾನಿ ಸ್ಟೇಷನ್ ವ್ಯಾಗನ್, ಅಲ್ಲಿ ಯಾರೋ ಓಡಿಸಿ ಬಿಟ್ಟದ್ದು ಹಡಗಿನಲ್ಲಿ ಮೊಂಬಾಸಾಕ್ಕೆ ಬಂದು ಇವನ ಕೈಗೆ ಸಿಕ್ಕಿತ್ತು. ಮಳೆಗಾಲದಲ್ಲಿ ಮನೆ ಮುಂದಿನ ಕಪ್ಪು ಮಣ್ಣಿನಲ್ಲಿ ಅದರ ಚಕ್ರ ಬರೀ ತಿರುಗುತ್ತಿತ್ತು, ಕಾರು ಕದಲುತ್ತಿರಲಿಲ್ಲ. ಹಂಸಾಳ ದಿನ ಹತ್ತಿರ ಬಂದಂತೆ ಅವನಿಗೆ ಅದೊಂದೇ ಯೋಚನೆ. ಆಗ ಹೊಳೆದದ್ದು ಹಿಮದ ಟೈರು. ಜಪಾನಿನ ಚಳಿ ಸೀಮೆಯವರು ಹಿಮದಲ್ಲಿ ಓಡಿಸಲು ಹಾಕುವ ಮೆತ್ತನೆಯ ರಬ್ಬರಿನ, ಆಳದ ಗೆರೆಗಳ ಟೈರು. ಹಳೇ ಟೈರಿನ ಅಂಗಡಿಗಳಿಗೆ ಬರುವ ಕಂಟೇನರುಗಳಲ್ಲಿ ಅವೂ ಬರುತ್ತವೆ. ಹಿಮದಲ್ಲಿ ಹಿಡಿಯುವ ಟೈರು ಕೆಸರಲ್ಲಿ ಹಿಡಿಯದೆ ಇರುತ್ತದೆಯೇ?

ಹರ್ಲಿಂಗ್‌ಹ್ಯಾಮಿನಲ್ಲಿದ್ದ ಗೆಳೆಯ ವಿಕ್ರಮ್ ಇದನ್ನು ಕೇಳಿ, "ಲೋ, ಮೌಂಟ್ ಕೆನ್ಯಾ ತುದೀಲಿ ಹೆರಿಗೆ ಮಾಡಿಸ್ತಿದೀಯೇನೋ?" ಎಂದು ಕಿಚಾಯಿಸಿದ್ದ. ಹಂಸಾ ಮಾತ್ರ ನಗಲಿಲ್ಲ. ಡ್ರೈವರ್ ಬಾಗಿಲಿನ ಒಳಗೆ ಅಂಟಿಸಿದ್ದ ಚೀಟಿಯಲ್ಲಿ ಜಪಾನಿ ಅಕ್ಷರಗಳ ನಡುವೆ ಅಂಕಿಗಳು ಸ್ಪಷ್ಟವಾಗಿದ್ದವು: 175/65, ಹದಿನಾಲ್ಕು ಇಂಚಿನ ರಿಮ್ಮು.

"ಯಾವ ಟೈರಾದ್ರೂ ಹಾಕ್ಸಿ, ಸೈಜ್ ಮಾತ್ರ ಅಲ್ಲಿರೋದೇ ಇರ್ಲಿ ರೀ" ಎಂದಿದ್ದಳು.

ಸೀನು ಹಾಕಿಸಿದ್ದು 185/70. ಮೊದಲನೆಯ ಅಂಕಿ ಅಗಲ, ಎರಡನೆಯದು ಅಗಲಕ್ಕೆ ತಕ್ಕ ಎತ್ತರ; ಎರಡೂ ಒಂದೊಂದು ಮೆಟ್ಟಿಲು ಏರಿದರೆ ಕಾರು ನೆಲದಿಂದ ಮೇಲೇಳುತ್ತದೆ, ಹೊಟ್ಟೆ ಕೆಸರಿಗೆ ತಾಗುವುದಿಲ್ಲ ಎಂದು ಅವಳಿಗೆ ಲೆಕ್ಕ ಒಪ್ಪಿಸಿದ. ಅಂಗಡಿಯವನೂ ಸವಾ, ಸವಾ, ಸರಿ ಸರಿ ಎಂದ. ಟೈರಿಗೂ ಮೇಲಿನ ತಗಡಿಗೂ ನಡುವೆ ಒಂದು ಬೆರಳು ಸಲೀಸಾಗಿ ಹೋಯಿತು. ತಾನೊಬ್ಬನೇ ಕೂತು ಸುತ್ತು ಹೊಡೆದ, ಎಲ್ಲೂ ಉಜ್ಜಲಿಲ್ಲ. ಆಮೇಲೆ ಶಾಂತಾ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಿಸಿ, ಕುಂಕುಮ ಹಚ್ಚಿ ಪೂಜೆಯನ್ನೂ ಮುಗಿಸಿದರು. ಕಾರು ಕೆಸರನ್ನು ನಿಜಕ್ಕೂ ಬೆಣ್ಣೆಯ ಹಾಗೆ ಕೊಯ್ದುಕೊಂಡು ಹೋಗುತ್ತಿತ್ತು.

ಎರಡನೆಯ ಸಲ ಸದ್ದು ಬಂದಾಗ ಅದು ಅಷ್ಟು ಬೇಗ ನಿಲ್ಲಲಿಲ್ಲ. ರಸ್ತೆಯ ಒಂದು ಗುಂಡಿಗೆ ಕಾರು ಕುಸಿದು ಎದ್ದಾಗ ಕರ್ರ್‌ರ್ ಎಂದು ಎಳೆಯಿತು. ಹಿಂದೆಯೇ ವಾಸನೆ. ಸುಟ್ಟ ರಬ್ಬರಿನ ವಾಸನೆ ಅವನಿಗೆ ಚೆನ್ನಾಗಿ ಗೊತ್ತು.

"ಏನೋ ಸುಡ್ತಾ ಇದೆ ಸೀನು" ಎಂದರು ಶಾಂತಾ.

ಮುಂದಿನ ಮಟಾಟು ವ್ಯಾನಿನ ಹೊಗೆ ಎಂದ. ಕನ್ನಡಿಯಲ್ಲಿ ನೋಡಿದರೆ ಹಂಸಾ ಅವನನ್ನೇ ನೋಡುತ್ತಿದ್ದಳು.

ನಿಲ್ಲಿಸಿ ನೋಡಬೇಕು. ಆದರೆ ಎಲ್ಲಿ? ಹೋದ ತಿಂಗಳಷ್ಟೇ ಫ್ಯಾಕ್ಟರಿಯ ಲಕ್ಷ್ಮೀಕಾಂತ ಇದೇ ರಸ್ತೆಯಲ್ಲಿ ಪಂಕ್ಚರ್ ಎಂದು ಕಾರು ನಿಲ್ಲಿಸಿದ್ದರು. ಇಬ್ಬರು ಬಂದು ಪಿಸ್ತೂಲು ತೋರಿಸಿ ಕಾರು, ವಾಚು, ಕಾಲಿನ ಶೂ ಸಮೇತ ತೆಗೆದುಕೊಂಡು ಹೋದರು. ಆಮೇಲೆ ಫ್ಯಾಕ್ಟರಿಯವರೆಲ್ಲ ಒಬ್ಬರಿಗೊಬ್ಬರು ಹೇಳಿಕೊಂಡದ್ದು ಒಂದೇ ಮಾತು, ಏನೇ ಆಗಲಿ ನಿಲ್ಲಿಸಬೇಡಿ. ಇಲ್ಲಿ ಎಡಕ್ಕೆ ಪೊದೆ, ಬಲಕ್ಕೆ ನೀರು ಚಿಮ್ಮಿಸಿಕೊಂಡು ಹೋಗುವ ಲಾರಿಗಳು. ನಿಲ್ಲಿಸದಿದ್ದರೆ? ಉಜ್ಜಿ ಉಜ್ಜಿ ಟೈರಿನ ಪಕ್ಕ ತೆಳ್ಳಗಾಗಿ ಒಮ್ಮೆಲೇ ಸಿಡಿದರೆ ಕಾರು ಯಾವ ಕಡೆ ಎಳೆಯುತ್ತದೆ ಎಂದು ಅವನು ಓದಿದ್ದ. ಓದದೇ ಇದ್ದಿದ್ದರೆ ಚೆನ್ನಾಗಿತ್ತು.

ವೇಗ ಇಳಿಸಿದ. ಹಿಂದಿನವರು ಹಾರನ್ ಬಡಿದರು. ಹಂಸಾಳಿಗೆ ನೋವು ಬಂತು, ಈ ಸಲ ಅವಳು ಮುಂದಿನ ಸೀಟಿನ ಬೆನ್ನನ್ನು ಹಿಡಿದಳು. ಅವಳ ಬೆರಳುಗಳು ತನ್ನ ಭುಜದ ಹಿಂದೆ ಬಿಗಿಯುವುದು ಅವನಿಗೆ ತಿಳಿಯುತ್ತಿತ್ತು. ಮುಂದೆ ಪಂಗಾನಿಯ ಸರ್ಕಲ್ಲು. ಅಲ್ಲಿ ಬಲಕ್ಕೆ ತಿರುಗುತ್ತ ಹೋಗಬೇಕು, ಆಗ ಕಾರಿನ ಭಾರವೆಲ್ಲ ಎಡಕ್ಕೆ ವಾಲುತ್ತದೆ, ಅದೇ ಚಕ್ರದ ಮೇಲೆ.

ನೋವು ಇಳಿದ ಮೇಲೆ ಹಂಸಾ ಮೆಲ್ಲಗೆ ಹೇಳಿದಳು, "ಸರ್ಕಲ್‌ಗೆ ಮುಂಚೆ ನಿಲ್ಸಿ."

"ಇಲ್ಲಿ ನಿಲ್ಸೋ ಹಾಗಿಲ್ಲ ಕಣೆ."

"ಉಜ್ತಾ ಇರೋದು ಟೈರು ಅಂತ ನಂಗೂ ಗೊತ್ತು. ಇಳಿದು ನೋಡಿ. ನಂಗೆ ಇನ್ನೂ ಟೈಮಿದೆ."

ಇದೆ ಎಂದು ಅವಳ ದನಿ ಹೇಳಲಿಲ್ಲ. ಆದರೂ ನಿಲ್ಲಿಸಿದ.

ವ್ಹೀಲ್ ಸ್ಪ್ಯಾನರ್ ಕೈಯಲ್ಲಿ ಹಿಡಿದೇ ಇಳಿದ. ಮಳೆಯಲ್ಲಿ ಹಿಂಚಕ್ರದ ಪಕ್ಕ ಕುಕ್ಕರಿಸಿ ಬೆರಳು ತೂರಿಸಲು ಹೋದ. ಬೆರಳಿಗೆ ಜಾಗವೇ ಇರಲಿಲ್ಲ. ತಗಡಿನ ಅಂಚು ಟೈರಿನ ಮೇಲೇ ಕೂತಿತ್ತು, ಅಲ್ಲಿಂದ ರಬ್ಬರಿನ ಚೂರು ಎಳೆಯಾಗಿ ನೇತಾಡುತ್ತಿತ್ತು. ಒಬ್ಬನೇ ಕೂತಾಗ ಇದ್ದ ಜಾಗ ಈಗೆಲ್ಲಿ ಹೋಯಿತು? ಎದ್ದು ಡಿಕ್ಕಿ ತೆಗೆದ, ಕಣ್ಣೆದುರಿಗೇ ಉತ್ತರ ಕೂತಿತ್ತು.

ಹಳದಿ ಕ್ಯಾನುಗಳು, ಸಾಲಾಗಿ, ಬಾಯಿತನಕ ನೀರು. ಆ ಭಾರಕ್ಕೆ ಕಾರಿನ ಹಿಂಭಾಗ ಕುಸಿದಿತ್ತು.

ಹೆರಿಗೆಯಾದ ಮೇಲೆ ಸ್ವಲ್ಪ ದಿನ ವಿಕ್ರಮನ ಫ್ಲಾಟಿನಲ್ಲಿರುವುದೆಂದು ಮಾತಾಗಿತ್ತು, ನರ್ಸಿಂಗ್ ಹೋಮು ಅಲ್ಲಿಂದ ಹತ್ತಿರ. ಆ ಬೀದಿಯ ನಲ್ಲಿಯಲ್ಲಿ ವಾರದಿಂದ ನೀರಿಲ್ಲ. ಬಾಣಂತಿಗೆ ಹಂಡೆ ತುಂಬ ಬಿಸಿನೀರು ಸುರಿಯದೆ ಬಾಣಂತನವೇ ಅಲ್ಲ ಎಂದು ಶಾಂತಾ ಕಸರಾನಿಯ ಮನೆಯ ಟ್ಯಾಂಕಿನಿಂದ ಬೆಳಿಗ್ಗೆಯೇ ಕ್ಯಾನು ತುಂಬಿಸಿ ಕೆಲಸದವರ ಕೈಯಲ್ಲಿ ಡಿಕ್ಕಿಗೆ ಏರಿಸಿದ್ದರು. ಲೇಹ್ಯದ ಡಬ್ಬ, ಎಣ್ಣೆಯ ಟಿನ್ನು ಬೇರೆ. ಸೀನುವೂ ನೋಡಿದ್ದ. ನೋಡಿ, ಡಿಕ್ಕಿ ಎಷ್ಟು ದೊಡ್ಡದು ಎಂದು ಹೆಮ್ಮೆಪಟ್ಟಿದ್ದ.

"ಅತ್ತೆ, ನೀರು ಚೆಲ್ಲಬೇಕು" ಎಂದ.

ಶಾಂತಾ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಮಳೆಗೆ ಇಳಿದರು. ಇಬ್ಬರೂ ಸೇರಿ ಮೊದಲ ಕ್ಯಾನನ್ನು ಎಳೆದು ಬಗ್ಗಿಸಿದರು. ಮಳೆನೀರಿನ ಮೇಲೆ ಟ್ಯಾಂಕಿನ ನೀರು ಗಳಗಳ ಬಿತ್ತು.

ಆಗಲೇ ಪೊದೆಯ ಕಡೆಯಿಂದ ಇಬ್ಬರು ಬಂದದ್ದು. ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ, ಕೈಗಳು ಅದರೊಳಗೆ. ಕಾರಿನ ಬೀಗದ ಕೈ ಒಳಗೇ ಇತ್ತು, ಹಂಸಾ ಒಳಗೇ ಇದ್ದಳು. ಸ್ಪ್ಯಾನರನ್ನು ತೊಡೆಯ ಪಕ್ಕಕ್ಕೆ ಒತ್ತಿ ಹಿಡಿದು ಬಾಗಿಲಿಗೆ ಅಡ್ಡ ನಿಂತ. ಅವರಲ್ಲೊಬ್ಬ "ಶಿದಾ ನಿನಿ?" ಎಂದ, ಏನು ತೊಂದರೆ ಎಂದು. ಸೀನುವಿಗೆ ಗೊತ್ತಿದ್ದ ಅಷ್ಟೂ ಸ್ವಾಹಿಲಿ ಮರೆತುಹೋಯಿತು.

ಶಾಂತಾ ಮಾತ್ರ ಎರಡನೆಯ ಕ್ಯಾನನ್ನು ಅವರ ಕಡೆ ನೂಕಿದರು. "ತಗೊಳ್ಳಿ, ಇದನ್ನ ಆ ಕಡೆ ಸುರೀರಪ್ಪ. ಬೇಗ. ಮಗಳಿಗೆ ನೋವು ಬಂದಿದೆ" ಎಂದರು, ಅಪ್ಪಟ ಮೈಸೂರು ಕನ್ನಡದಲ್ಲಿ.

ಒಬ್ಬ ಬಗ್ಗಿ ಕಾರಿನೊಳಗೆ ನೋಡಿದ. ಆ ನೋಟ ಸೀನುವಿನ ಎದೆಯ ಮೇಲೆ ಕಾಲಿಟ್ಟ ಹಾಗಿತ್ತು. ಆಮೇಲೆ ಅವನು ಹಾಳೆಯಿಂದ ಕೈ ಹೊರಗೆ ತೆಗೆದ. ಖಾಲಿ ಕೈ. ಕ್ಯಾನು ಎತ್ತಿದ. ನೀರೆಲ್ಲ ಚೆಲ್ಲಿದ ಮೇಲೆ ಖಾಲಿ ಕ್ಯಾನುಗಳನ್ನು ತಾವು ಇಟ್ಟುಕೊಳ್ಳಬಹುದೇ ಎಂದು ಸನ್ನೆ ಮಾಡಿ ಕೇಳಿದರು. ಶಾಂತಾ ತಮಗೆ ಬರುತ್ತಿದ್ದ ಒಂದೇ ಸ್ವಾಹಿಲಿ ಪದದಲ್ಲಿ ಧನ್ಯವಾದ ಹೇಳಿದರು, "ಅಸಾಂಟೆ."

ಸೀನು ಮತ್ತೆ ಬಗ್ಗಿ ಬೆರಳು ತೂರಿಸಿದ. ಹೋಯಿತು. ಶಾಂತಾ ಹೇಳಿಸಿಕೊಳ್ಳದೆ ಮುಂದಿನ ಸೀಟಿಗೆ ಬಂದು ಕೂತರು.

ಸರ್ಕಲ್ಲನ್ನು ನಡೆಯುವವರ ವೇಗದಲ್ಲಿ ಸುತ್ತಿದ. ಸದ್ದಿಲ್ಲ. ಊರ ನಡುವಿನ ಜಾಮಿನಲ್ಲಿ ಒಮ್ಮೆ ಕರ್ರ್ ಎಂದಂತಾಗಿ ಬ್ರೇಕು ಒತ್ತಿದ, ಆ ಸದ್ದು ಪಕ್ಕದ ಬಸ್ಸಿನದು. ಹರ್ಲಿಂಗ್‌ಹ್ಯಾಮಿನ ಗೇಟಿಗೆ ಬರುವಷ್ಟರಲ್ಲಿ ಹಂಸಾ ಕಣ್ಣು ತೆರೆಯುವುದನ್ನೇ ಬಿಟ್ಟಿದ್ದಳು. ನರ್ಸುಗಳು ಅವಳನ್ನು ಗಾಲಿಕುರ್ಚಿಯಲ್ಲಿ ಒಳಗೆ ಒಯ್ದರು. ಕತ್ತಲಾಗುವ ಮೊದಲೇ ಹೆಣ್ಣುಮಗು ಹುಟ್ಟಿತು.

ವಿಕ್ರಮ್ ಬಂದು ಕಾರು ನೋಡಿದ. ಟೈರಿನ ಪಕ್ಕದಲ್ಲಿ ರಬ್ಬರು ಹರಿದು ಒಳಗಿನ ದಾರ ಬೆಳ್ಳಗೆ ಕಾಣುತ್ತಿತ್ತು. ಸೀನು ಆ ದಾರವನ್ನು ಬೆರಳಿನಿಂದ ಮುಟ್ಟಿದ, ಆಮೇಲೆ ಹೋಗಿ ಮೆಟ್ಟಿಲ ಮೇಲೆ ಕೂತ.

ಮರುದಿನ ಅಂಗಡಿಯಲ್ಲಿ ಹಿಮದ ಟೈರನ್ನೇ ಕೇಳಿದ, ಬಾಗಿಲಿನ ಚೀಟಿಯ ಸೈಜಿನದು. ಹಾಕಿಸಿದ ಮೇಲೆ ಹೊಸ ಕ್ಯಾನುಗಳಲ್ಲಿ ನೀರು ತುಂಬಿಸಿ ಡಿಕ್ಕಿಯಲ್ಲಿ ಇಡಿಸಿದ, ವಿಕ್ರಮನನ್ನೂ ಅಂಗಡಿಯ ಇಬ್ಬರನ್ನೂ ಹಿಂದೆ ಕೂರಿಸಿದ. ಅವರು ನಗುತ್ತಿದ್ದರು. ಸೀನು ಮಾತ್ರ ನಾಲ್ಕು ಚಕ್ರಗಳ ಸುತ್ತ ಕುಕ್ಕರಿಸಿ ಕುಕ್ಕರಿಸಿ ಬೆರಳು ತೂರಿಸಿ ನೋಡಿದ. ನೋಡಿದ ಮೇಲೂ ಮತ್ತೊಮ್ಮೆ ನೋಡಿದ.

ಆ ನೀರಿನಲ್ಲೇ ಹಂಸಾಳ ಮೊದಲ ಬಾಣಂತಿ ಸ್ನಾನವಾಯಿತು.